ಮೊದಲು ಗಾಡಿ ಮಾತಾಡಲಿ

ಅಫಜಲಪುರದ ಬಸ್ ನಿಲ್ದಾಣದ ಹಿಂದೆ ಒಬ್ಬ ಮೆಕ್ಯಾನಿಕ್ ಇದ್ದರು. ಗಿರಾಕಿ ಬಂದು ಗಾಡಿಯ ರೋಗ ವರ್ಣಿಸಲು ಬಾಯಿ ತೆರೆದರೆ ಅಂಗೈ ಎತ್ತಿ, "ತಡ್ರಿ, ಮದ್ಲ ಗಾಡಿ ಮಾತಾಡ್ಲಿ" ಎನ್ನುತ್ತಿದ್ದರು. ಆಮೇಲೆ ಬಾನೆಟ್ಟಿನ ಮೇಲೆ ಕೈಯಿಟ್ಟು, ಮಗುವಿನ ಜ್ವರ ನೋಡುವವರ ಹಾಗೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು.

ನನ್ನ ಹೈಬ್ರಿಡ್ ಕಾರನ್ನು ಅವರ ಬಳಿ ಒಯ್ದಾಗ ಹಿಂದಿನ ಸೀಟಿನಲ್ಲಿ ಅವ್ವ ಕೂತಿದ್ದಳು. ಅಂಥ ಕಾರಿನಲ್ಲಿ ನಿಂತಲ್ಲಿ ಎಂಜಿನ್ ತಾನಾಗಿ ಸುಮ್ಮನಾಗುವುದು ಸಹಜ. ನನ್ನದು ಹಾಗಲ್ಲ, ಗಡಗಡ ನಡುಗಿ ಅರ್ಧಕ್ಕೇ ಆರಿಹೋಗುತ್ತಿತ್ತು. ದೊಡ್ಡ ಬ್ಯಾಟರಿಯೇ ಹೋಯಿತೆಂದು ಎರಡು ದಿನದಿಂದ ನಾನು ಮನೆಯವರ ಮೇಲೆಲ್ಲ ಹರಿಹಾಯುತ್ತಿದ್ದೆ.

"ಬ್ಯಾಟರಿ ಛಲೋ ಅದರಿ. ಎಂಜಿನ್ನಿಗಿ ಉಸರಾಡ್ಲಾಕ ಆಗವಲ್ದು" ಎಂದವರು ಗಾಳಿ ಎಳೆದುಕೊಳ್ಳುವ ಕೊಳವೆಯ ಬಾಯಿಗೆ ಬೆರಳು ಹಾಕಿದರು. ಹೊರಬಂದದ್ದು ರವಿಕೆಯ ಒಂದು ಹಸಿರು ಖಣ. ಘತ್ತರಗಿಯ ಭಾಗ್ಯವಂತಿ ದೇವಿಯ ಪಾದಕ್ಕೆ ಮುಟ್ಟಿಸಿ ತಂದದ್ದು, ಕುಂಕುಮ ಇನ್ನೂ ಅಂಟಿಕೊಂಡಿತ್ತು. ಹೊಸ ಗಾಡಿಗೆ ಕಾವಲಿರಲಿ ಎಂದು ಪೂಜೆಯ ದಿನ ಅವ್ವ ಅದನ್ನು ಬಾನೆಟ್ಟಿನೊಳಗೆ ಇಟ್ಟುಬಿಟ್ಟಿದ್ದಳು. ಅದು ಜಾರಿ ಅಲ್ಲಿ ಸಿಕ್ಕಿಕೊಂಡಿತ್ತು.

ನಾನು ಗಕ್ಕನೆ ಹಿಂದಕ್ಕೆ ತಿರುಗಿದೆ. ಅವ್ವನ ಮುಖ ಬಾಡಿತ್ತು. "ಅದು ನಾನೇ ಯಪ್ಪಾ..." ಎಂದು ಶುರು ಮಾಡಿದಳು.

"ತಡ್ರಿ ಅವ್ವಾರ, ಮದ್ಲ ಗಾಡಿ ಮಾತಾಡ್ಲಿ."

ಖಣವನ್ನು ಜಾಡಿಸಿ, ನೀಟಾಗಿ ಮಡಚಿ ಅವಳ ಕೈಗೆ ಕೊಟ್ಟು, ಅವರು ಕಾರು ಚಾಲೂ ಮಾಡಿದರು. ಎಂಜಿನ್ ಒಂದಿಷ್ಟೂ ನಡುಗದೆ ಓಡಿತು. ಸ್ವಲ್ಪ ಹೊತ್ತಿಗೆ ತಾನಾಗಿಯೇ ತಣ್ಣಗೆ ಸುಮ್ಮನಾಯಿತು.

ಅದರ ಹಿಂದೆ ನಾನೂ ಸುಮ್ಮನಾದೆ.