ಕಣ್ಣು ಬೀಳದಂಥ ಅಂಕ

ಅಣ್ಣಿಗೇರಿಯ ತಮ್ಮ ಹೊಲದಲ್ಲಿ ಕಡಲೆ ಎಷ್ಟೇ ಹುಲುಸಾಗಿ ಬಂದಿರಲಿ, ಯಾರಾದರೂ ‘ಬೆಳಿ ಹೆಂಗೈತ್ರಿ’ ಎಂದು ಕೇಳಿದರೆ ನಮ್ಮ ಕೆಮಿಸ್ಟ್ರಿ ಸರ್ ‘ಏನೋ, ಮನಿಗೆ ಸಾಕಾಗತೈತ್ರಿ’ ಎಂದುಬಿಡುತ್ತಾರೆ.

ನಾನು ಅರ್ಜಿ ಹಾಕಿದ್ದ ಇಂಗ್ಲೆಂಡಿನ ಯುನಿವರ್ಸಿಟಿಯವರು, ಪರೀಕ್ಷೆಗೆ ಮೊದಲೇ ನನಗೆ ಎಷ್ಟು ಅಂಕ ಬರಬಹುದೆಂದು ಕಾಲೇಜಿನಿಂದ ಬರೆಸಿ ಕಳಿಸಿ ಎಂದಿದ್ದರು. ನಮ್ಮಲ್ಲಿ ಅಂಥ ಪದ್ಧತಿಯೇ ಇಲ್ಲ. ಹೇಗೋ ಧೈರ್ಯ ಮಾಡಿ ಸರ್ ಮುಂದೆ ನಿಂತೆ. ಅವರು ಖುಷಿಯಿಂದಲೇ ಹಾಳೆ ತೆಗೆದು ‘ಅರವತ್ತು’ ಎಂದು ಬರೆದರು. ಎಂಬತ್ತೈದು ಇಲ್ಲದಿದ್ದರೆ ಅಲ್ಲಿ ಸೀಟಿಲ್ಲ.

‘ಸರ್, ಪ್ರಿಪರೇಟರಿಯೊಳಗ ನೀವ ತೊಂಬತ್ತೆರಡು ಕೊಟ್ಟೀರಲ್ರಿ.’

‘ಅದಕ್ಕ ಹೇಳತೇನವ್ವಾ. ಬೆಳಿ ರಾಶಿ ಆಗೂಕಿಂತ ಮೊದ್ಲ ಪೂರಾ ಹೇಳಿದ್ರ ಕಣ್ಣು ಬೀಳತೈತಿ.’

‘ಇಂಗ್ಲೆಂಡಿನವ್ರ ಕಣ್ಣು ಇಲ್ಲೀತನಕ ಬೀಳೂದಿಲ್ರಿ ಸರ್.’

‘ಮತ್ತ ಇನ್ನೂರು ವರ್ಷ ಎಲ್ಲಿ ಬಿದ್ದಿತ್ತವ್ವಾ ಅದು?’

ಸ್ಟಾಫ್‌ರೂಮಿನಲ್ಲಿದ್ದವರೆಲ್ಲ ನಕ್ಕರು. ನನ್ನ ಕಿವಿ ಬಿಸಿಯಾದವು. ಹೊರಟವಳು ಬಾಗಿಲಿನಿಂದ ತಿರುಗಿ ಬಂದು, ನೆಲ ನೋಡುತ್ತಲೇ ಹೇಳಿದೆ: ‘ಹಂಗಾರ ಸರ್, ಮಂದಿಗೆ ಹೇಳಿದಂಗ ಬ್ಯಾಡ್ರಿ. ಬೆಳೆಸಾಲ ಕೇಳಾಕ ಹೋದಾಗ ಬ್ಯಾಂಕಿನವ್ರಿಗೆ ಪೂರಾ ಹೇಳತೀರಲ್ರಿ, ಹಂಗ ಬರೀರಿ.’

ಸರ್ ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದು ಫ್ಯಾನು ನೋಡುತ್ತ ಕೂತರು.