ಮಡಿನೀರಿನ ಕೊಳಗದ ಮುಚ್ಚಳ

ರಾರಾವಿಯ ಗಂಗಾಬಾಯಿಗೆ ಹೇಸಿಗೆಯಾಗದ ವಸ್ತು ಬಳ್ಳಾರಿಯಲ್ಲಿ ಒಂದೂ ಇರಲಿಲ್ಲ. ಪಾರ್ವತಿನಗರದ ಮಗನ ಮನೆಗೆ ಬಂದ ದಿನವೇ ನಲ್ಲಿಯ ನೀರು ಮೂಸಿ ಮುಖ ಕಿವಿಚಿದವಳು. ಬಸ್ಸಿನ ಕಂಬಿ ಹೇಸಿಗೆ, ಹಾಲಿನ ಪ್ಯಾಕೆಟ್ಟಿನ ಜಿಡ್ಡು ಹೇಸಿಗೆ. ಮನಸ್ಸು ಮಾತ್ರ ಬೆಣ್ಣೆ. ಮೊಮ್ಮಗಳು ಸಿಂಧು ಕೆಮ್ಮಿದರೆ ಸಾಕು, ಶುಂಠಿ ಕಷಾಯ ಸಿದ್ಧ. ಲೋಟವನ್ನು ಮಾತ್ರ ದೂರದಲ್ಲಿಟ್ಟು ಸರಿಯುತ್ತಿದ್ದಳು, ಮಡಿ ಕೆಡಬಾರದಲ್ಲ.

ಎಲ್ಲಕ್ಕಿಂತ ದೊಡ್ಡ ಹೇಸಿಗೆ ಜಿರಳೆಯದು. ಒಂದು ಬೆಳಿಗ್ಗೆ ಮಡಿನೀರಿನ ತಾಮ್ರದ ಕೊಳಗದೊಳಗೆ ಅದು ಮೀಸೆ ಆಡಿಸುತ್ತ ತೇಲುತ್ತಿತ್ತು. ಆಕೆ ಮಧ್ಯಾಹ್ನದವರೆಗೂ ಹನಿ ನೀರು ಬಾಯಿಗೆ ಹಾಕಲಿಲ್ಲ. ಮುಂದಿನ ವಾರವೇ ಗಂಡನ ವೈದೀಕ, ವರ್ಷದ ಶ್ರಾದ್ಧ. ಹಿಂದಿನ ರಾತ್ರಿ ತುಂಬಿಟ್ಟ ನೀರಿಗೆ ಹುಳ ಬಿದ್ದರೆ ಅಡುಗೆಯೆಲ್ಲ ಕೆಟ್ಟಂತೆ. ಕೊಳಗದ ಮುಚ್ಚಳ ಎಂದೋ ಕಳೆದಿತ್ತು. ಮುಚ್ಚಲು ಸಾಕಾಗುವಷ್ಟು ದೊಡ್ಡ ತಾಟು ಮನೆಯಲ್ಲಿ ಒಂದೇ. ಅದರಲ್ಲಿ ಸೊಸೆ ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು. ಅದನ್ನು ನೆನೆದೇ ಗಂಗಾಬಾಯಿ ಮತ್ತೊಮ್ಮೆ ಕೈ ತೊಳೆದಳು.

ಮಗ ಪ್ರಾಣೇಶ ಕುರುಗೋಡಿನಲ್ಲಿ ಮೇಷ್ಟ್ರು, ದಿನಾ ಬಸ್ಸಿನಲ್ಲಿ ಹೋಗಿಬರುವವನು. ಅಲ್ಲಿನ ಪಾತ್ರೆ ಮಾಡುವ ಚಿದಾನಂದಪ್ಪನಿಗೆ ಮುಚ್ಚಳ ಹೇಳುವುದೆಂದಾಯಿತು. ಆದರೆ ಮಡಿಯ ಕೊಳಗ ಬಸ್ಸು ಹತ್ತುವುದುಂಟೆ? ಅಳತೆ ಕಳಿಸಬೇಕು. ಸಿಂಧುವಿನ ಸ್ಕೇಲಂತೂ ಬೇಡ, ಅದರಿಂದ ಅವಳು ಬೆನ್ನು ಕೆರೆದುಕೊಳ್ಳುವುದನ್ನು ಅಜ್ಜಿ ಕಣ್ಣಾರೆ ಕಂಡಿದ್ದಳು. ಬಾಯಿಯ ಸುತ್ತಳತೆ ತಂದುಕೊಟ್ಟರೆ ಸಾಕು, ಏಳರಿಂದ ಗುಣಿಸಿ ಇಪ್ಪತ್ತೆರಡರಿಂದ ಭಾಗಿಸಿ ಅಡ್ಡಗಲ ತೆಗೆಯುತ್ತೇನೆ ಎಂದಳು ಸಿಂಧು. ಸಾಲೆಯಲ್ಲಿ ಆಗಷ್ಟೇ ಆ ಪಾಠ ಮುಗಿದಿತ್ತು.

ಗಂಗಾಬಾಯಿ ಇನ್ನೂ ನೀರು ಕಾಣದ ಹೊಸ ಕೋರಾ ಬಟ್ಟೆಯಿಂದ ಒಂದು ಪಟ್ಟಿ ಹರಿದಳು. ಮಡಿಗೆಂದು ನೀರಲ್ಲಿ ಅದ್ದಿ, ಹಿಂಡಿ, ಕೊಳಗದ ಅಂಚಿನ ಸುತ್ತ ಬಿಗಿಯಾಗಿ ಹಿಡಿದು, ಕೊನೆ ಕೂಡಿದಲ್ಲಿ ಕತ್ತರಿಸಿದಳು. ಪಟ್ಟಿಯನ್ನು ಮಡಿಗೋಲಿನಿಂದ ಮೇಲಿನ ಗಳುವಿಗೆ ಒಣಹಾಕಿದಳು. ಊಟವಾಗಿ ಮಡಿ ಬಿಟ್ಟ ಮೇಲೆ ಸಿಂಧುವಿನ ಮುಂದೆ ಹಾಕಿದಳು. ನಲವತ್ತೊಂದು ಇಂಚು ಬಂತು. ಅಡ್ಡಗಲ ಹದಿಮೂರು.

ಮುಚ್ಚಳ ಬಂತು. ಕೊಳಗದ ಮೇಲಿಟ್ಟರೆ ಬುಳುಕ್ಕನೆ ಒಳಗೆ ಬಿತ್ತು.

ಕಂಚುಗಾರ ತಾಮ್ರ ನುಂಗಿದ್ದಾನೆ ಎಂದು ಗಂಗಾಬಾಯಿ ಬೈದಳು. ಪ್ರಾಣೇಶ ಹೋಗಿ ಕೇಳಿದರೆ ಚಿದಾನಂದಪ್ಪ ತಲೆಯೆತ್ತದೆ, "ಅಂಚಿಗೆ ಅರ್ಧ ಇಂಚು ಕೂಡಿಸೇ ಮಾಡೀನಿ ಮೇಷ್ಟ್ರ. ಕೊಳಗ ಏನಾರ ಬೆಳದೈತೇನು ಕೇಳ್ರಿ ಅಮ್ಮಾರನ್ನ" ಎಂದನಂತೆ.

ಬೈಗುಳ ಈಗ ಸಿಂಧುವಿನ ಕಡೆ ತಿರುಗಿತು.

"ಲೆಕ್ಕ ಸರಿ ಅದ, ಅಜ್ಜಿ."

"ಸರಿ ಇದ್ರ ಮುಚ್ಚಳ ನೀರಾಗ ಯಾಕ ಮುಳುಗ್ತದ?"

ಹುಡುಗಿಯ ಕಣ್ಣು ತುಂಬಿತು. ಅಜ್ಜಿಗೆ ಅದನ್ನು ನೋಡಲಾಗಲಿಲ್ಲ. ವೈದೀಕಕ್ಕೆ ಇನ್ನು ನಾಲ್ಕೇ ದಿನ. ಗೊಣಗುತ್ತಲೇ ಕೊಳಗದ ನೀರು ಚೆಲ್ಲಿ, ನೆಲ ಸಾರಿಸಿ, ಕೊಳಗವನ್ನು ಬೋರಲು ಹಾಕಿದಳು. ಸುತ್ತ ರಂಗೋಲಿ ಪುಡಿ ಉದುರಿಸಿ ಎತ್ತಿದಳು. ನೆಲದ ಮೇಲೆ ದುಂಡನೆಯ ಬಾಯಿ ಉಳಿಯಿತು.

"ಈಗ ಹಾಕು ನಿನ್ನ ಹೊಲಸು ಸ್ಕೇಲು. ಕೊಳಗ ಮುಟ್ಟಬ್ಯಾಡ."

ಸಿಂಧು ಸ್ಕೇಲನ್ನು ಆಚೀಚೆ ಸರಿಸಿ, ಎಲ್ಲಕ್ಕಿಂತ ಉದ್ದ ಬಂದ ಕಡೆ ನಿಲ್ಲಿಸಿದಳು. ಸ್ಕೇಲಿನ ಹನ್ನೆರಡು, ಅದರಾಚೆ ಇನ್ನೆರಡು, ಒಟ್ಟು ಹದಿನಾಲ್ಕು. ಹಾಗಾದರೆ ಸುತ್ತು ನಲವತ್ತನಾಲ್ಕು ಆಗಬೇಕು. ಪಟ್ಟಿ ತಂದು ರಂಗೋಲಿಯ ಸುತ್ತ ಹಾಸಿದಳು. ಕೊನೆಗಳು ಕೂಡಲೇ ಇಲ್ಲ. ನಡುವೆ ಮೂರಿಂಚು ಬರಿ ನೆಲ.

ಗಂಗಾಬಾಯಿ ಬಟ್ಟೆ ಕೈಗೆತ್ತಿಕೊಂಡು ಉಜ್ಜಿ ನೋಡಿದಳು. ಅಂಗಡಿಯಿಂದ ತಂದಾಗ ಇದ್ದ ಸಡಿಲು ಇಲ್ಲ, ಎಳೆಗಳು ಒತ್ತೊತ್ತಾಗಿ ಸೇರಿದ್ದವು. ಹಸಿಯಲ್ಲಿ ಎಳೆದು ಅಳೆದದ್ದು ಗಳುವಿನ ಮೇಲೆ ಒಣಗಿ ಕುಗ್ಗಿತ್ತು.

"ಲೆಕ್ಕ ನಿಂದು ಸರಿ ಅದವ್ವ," ಎಂದಳು ಮೆಲ್ಲಗೆ. "ನನ್ನ ಮಡೀನs ಕುಗ್ಗೇದ."

ಎರಡನೆಯ ಮುಚ್ಚಳವನ್ನು, ಅದು ಯಾರ್ಯಾರ ತಂಬಾಕಿನ ಕೈ ದಾಟಿ ಬಂತೋ ಎಂದು ಮೂಗು ಮುರಿಯುತ್ತ, ಹುಣಸೆಹಣ್ಣಿನಿಂದ ಮೂರು ಸಲ ತಿಕ್ಕಿದಳು. ವೈದೀಕದ ಬೆಳಿಗ್ಗೆ ಅಡುಗೆಮನೆಗೆ ಬಂದರೆ ಜಿರಳೆ ಮುಚ್ಚಳದ ಅಂಚಿನ ಮೇಲಿತ್ತು. ಗಂಗಾಬಾಯಿ ಪೊರಕೆ ಎತ್ತಲಿಲ್ಲ. ಅದು ಮೀಸೆಯಿಂದ ತಡವುತ್ತ ಸುತ್ತು ಹೊರಟು, ಎಲ್ಲೂ ಸಂದಿ ಸಿಗದೆ, ಹೊರಟಲ್ಲಿಗೇ ಬಂದು, ಗೋಡೆ ಹತ್ತಿತು.

"ಥೂ," ಎಂದು ಬಾಗಿಲಾಚೆ ನಿಂತ ಮೊಮ್ಮಗಳಿಗೆ ಹೇಳಿದಳು, "ಅದೂ ಅಳದು ನೋಡ್ತು."

"ಎಷ್ಟು ಬಂತಂತ, ಅಜ್ಜಿ?"

"ನೀ ಹೇಳಿದಷ್ಟs. ದೂರ ನಿಲ್ಲು, ಮುಟ್ಟೀಯಾ."