ಟವೆಲಿನ ಕೆಳಗೆ ಕುದುರಿದ ಮಳಿಗೆ

ಶಿರಾ ಪೇಟೆಯಲ್ಲಿ ಒಂದು ಮಳಿಗೆ ಮಾರಾಟಕ್ಕಿದೆ ಎಂದು ಕೇಳಿದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮಹಾರಾಜರ ಕಾಲ ಅದು. ಹೆಂಗಸು ಆಸ್ತಿ ಕೊಳ್ಳಲು ಹೊರಟರೆ ಜನ ನಗುತ್ತಿದ್ದರು. ನಾನು ಆಗಲೇ ಚಿನ್ನದ ಬಳೆಗಳನ್ನು ಮಾರಿದ್ದೆ. ಉಳಿದ ಹಣವನ್ನು ಒಬ್ಬ ಬಟ್ಟೆ ವ್ಯಾಪಾರಿ ಕೊಡುವವನಿದ್ದ; ಬದಲಿಗೆ ಅವನು ಕೆಲವು ವರ್ಷ ಬಾಡಿಗೆಯಿಲ್ಲದೆ ಅಲ್ಲಿ ಅಂಗಡಿ ನಡೆಸಬಹುದೆಂಬ ಭೋಗ್ಯದ ಕರಾರು. ಎರಡೂ ಸೇರಿದರೆ ಮುನ್ನೂರು ರೂಪಾಯಿ, ಅದರ ಮೇಲೆ ಒಂದು ಕಾಸೂ ಹುಟ್ಟುವಂತಿರಲಿಲ್ಲ. ಸಂಜೆ ಬಸ್ಸಿಗೆ ಮಧುಗಿರಿಯ ಸಾಹುಕಾರನೊಬ್ಬ ಅದೇ ಮಳಿಗೆ ಕೇಳಲು ಬರುವವನಿದ್ದ.

ನಮ್ಮ ದಲ್ಲಾಳಿ ದನದ ಸಂತೆಯವನು. ಟವೆಲಿನ ಕೆಳಗೆ ಕೈ ಹಿಡಿದು, ನೂರಕ್ಕೊಂದು ಬೆರಳಿನಂತೆ ಒತ್ತಿ ಬೆಲೆ ಹೇಳುವುದೇ ಅವನಿಗೆ ಗೊತ್ತಿದ್ದ ಪದ್ಧತಿ.

"ನಿಮ್ಮ ಕೈ ನಾನು ಹೆಂಗೆ ಹಿಡೀಲಿ ಕಣಮ್ಮ? ಬಾಯಲ್ಲಿ ಹೇಳಿದ್ರೆ ಬೀದಿಗೆಲ್ಲ ಗೊತ್ತಾಗೋಯ್ತದೆ" ಎಂದು ಮಳಿಗೆಯ ಮಾಲೀಕ ಸಾಬರ ಮನೆಯಲ್ಲಿ ಕೂತು ತಲೆ ಕೆರೆದುಕೊಂಡ.

ಪರದೆಯ ಹಿಂದಿನಿಂದ ಸಾಬರ ಹೆಂಡತಿ, "ಆ ಟವೆಲ್ ಇತ್ಲಾಗೆ ಕೊಡಿ" ಎಂದರು. ಒಂದು ಕೈ ಹೊರಬಂತು.

ನಾನು ಮೂರು ಬೆರಳು ಹಿಡಿದೆ. ಆಕೆ ನಾಲ್ಕು ಹಿಡಿದರು. ನಾನು ಮತ್ತೆ ಮೂರೇ ಹಿಡಿದೆ. ಆ ಕೈ ಮೆಲ್ಲಗೆ ನನ್ನ ಮಣಿಕಟ್ಟಿಗೆ ಸರಿದು, ಬರೀ ಗಾಜಿನ ಬಳೆಗಳನ್ನು ಸವರಿ ನೋಡಿ, ಹಿಂದಕ್ಕೆ ಬಂದು ಮೂರನ್ನೇ ಒತ್ತಿತು.

"ಎಷ್ಟಕ್ಕಾಯ್ತು?" ಎಂದರು ಸಾಬರು.

"ಜಬಾನ್ ಕೊಟ್ಟಾಯ್ತು, ಮಾತು ಅಂದ್ರೆ ಮಾತು. ಈಗ್ಯಾಕೆ ಕೇಳ್ತೀರಿ?" ಎಂದರು ಆಕೆ ಪರದೆಯ ಹಿಂದಿನಿಂದ.

ಆಮೇಲೆ ಈ ಪುಣೆಗೆ ಬಂದು ಎಷ್ಟೋ ಮನೆ ಕೊಂಡೆ. ಇಲ್ಲಿ ಯಾರೂ ಕೈ ಹಿಡಿದು ನೋಡುವುದಿಲ್ಲ. ಆದರೂ ಬೆಲೆ ಮಾತಾಡಲು ಹೊರಡುವಾಗ ಚಿನ್ನದ ಬಳೆಗಳನ್ನು ಮನೆಯಲ್ಲೇ ಬಿಚ್ಚಿಟ್ಟು ಹೋಗುತ್ತೇನೆ.